ಚಿಕ್ಕಪ್ಪ ನಿಂತ ಕಡೆಗೆ ಉಸಿರು

ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ, ಸಾವಿರದ ಐನೂರು ಮೀಟರ್ ಫ್ರೀಸ್ಟೈಲ್ ಆಯ್ಕೆ ಸ್ಪರ್ಧೆಯಲ್ಲಿ ನಾನು ಎರಡನೆಯವಳು, ತಂಡದಲ್ಲಿ ಜಾಗ ಒಬ್ಬರಿಗೆ. ಬಟ್ಟೆ ಬದಲಿಸುವ ಕೋಣೆಯ ಬೆಂಚು ತಣ್ಣಗಿದೆ, ಯಾರೋ ನಲ್ಲಿ ಸರಿಯಾಗಿ ತಿರುಗಿಸಿಲ್ಲ, ತೊಟ್ಟಿಕ್ಕುತ್ತಿದೆ — ಮೂವತ್ತೊಂದು, ಸೆಕೆಂಡಿನ ನೂರು ಪಾಲಿನಲ್ಲಿ ಮೂವತ್ತೊಂದು, ಅಷ್ಟಕ್ಕೆ ಹದಿನೇಳು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಮುಂದಿನ ಆಯ್ಕೆಗೆ ನನಗೆ ಮೂವತ್ತು ತುಂಬಿರುತ್ತದೆ, ಆದರೆ ಅದೂ ಅಲ್ಲ, ಕಾಲಲ್ಲಿ ಇನ್ನೂ ಶಕ್ತಿ ಇದೆ, ಸಹಿಸಲಾಗದ್ದು ಅದು, ಈ ದೂರ ಮುಗಿಸಿದವಳ ತೊಡೆ ನಡುಗಬೇಕು, ನನ್ನದು ನಡುಗುತ್ತಿಲ್ಲ, ಉಳಿಸಿಕೋ ಅಂದ ಚಿಕ್ಕಪ್ಪ, ಉಳಿಸಿಕೊಂಡೆ. ಕೊಳದ ದಂಡೆಯಲ್ಲಿ ನಿಂತು ಅವನು ಅಂಗೈ ಕೆಳಗೆ ಮಾಡಿದರೆ ಇದೇ ವೇಗ ಸಾಕು, ಮುಷ್ಟಿ ಕಟ್ಟಿದರೆ ಇದ್ದದ್ದೆಲ್ಲ ಹಾಕು, ನೀರಲ್ಲಿರುವಾಗ ನಮ್ಮ ನಡುವೆ ಈ ಎರಡೇ ಮಾತು, ಹೋಗುವಾಗ ಬಲಕ್ಕೆ ಉಸಿರು, ಬರುವಾಗ ಎಡಕ್ಕೆ, ಯಾವಾಗಲೂ ನಾನು ನಿಂತ ಕಡೆಗೇ ಮಗಾ, ಆ ಕಡೆ ಯಾರು ಬರ್ತಿದಾರೆ ಅನ್ನೋ ಚಿಂತೆ ನಂಗೆ ಬಿಡು, ನಿನ್ನ ಕಣ್ಣು ನಾನು. ಬೇರೆಯವರು ಎರಡೂ ಕಡೆ ಉಸಿರೆಳೆಯುತ್ತಾರೆ, ಎರಡೂ ಕಡೆ ನೋಡುತ್ತಾರೆ, ನಾನು ಕಣ್ಣುಪಟ್ಟಿ ಕಟ್ಟಿದ ಕುದುರೆ — ಒಂಬತ್ತು ವರ್ಷದವಳನ್ನು ಹೊಟ್ಟೆಯಡಿ ಅಂಗೈ ಕೊಟ್ಟು ತೇಲಿಸಿದ್ದ, ಅಪ್ಪ ತೀರಿಕೊಂಡ ವರ್ಷ, ಕೈ ಯಾವಾಗಲೋ ತೆಗೆದುಬಿಟ್ಟಿದ್ದ, ಇದೆ ಅಂತಲೇ ನಾನು ತೇಲಿದ್ದೆ, ನೋಡು ಗೊದಮೊಟ್ಟೆ, ನಿನ್ನಷ್ಟಕ್ಕೆ ನೀನೇ, ಅಂತ ನಕ್ಕಿದ್ದ, ಅಮ್ಮ ಈಗಲೂ ಹೇಳುತ್ತಾಳೆ, ನಿನ್ನ ಚಿಕ್ಕಪ್ಪ ಇಲ್ದಿದ್ರೆ ನೀನು ಬಚ್ಚಲ ಬಕೆಟ್ಟಲ್ಲೂ ಮುಳುಗ್ತಿದ್ದೆ.

ಮೂವತ್ತರಲ್ಲಿ ಇಪ್ಪತ್ತಾರನೇ ಲ್ಯಾಪಿನ ತಿರುವು. ನೀರೊಳಗೆ ಕಂಡಿತು, ನನ್ನ ಪಾದ ಗೋಡೆಗೆ ಸಿಗುವ ಮೊದಲೇ ಐದನೇ ಲೇನಿನ ಹುಡುಗಿಯ ಎರಡು ಪಾದ ಗೋಡೆ ಒದ್ದು ಹೊರಟವು, ಕಂಡೇ ಕಂಡಿತು, ಮೇಲೆ ಬಂದು ಬಲಕ್ಕೆ ಉಸಿರೆಳೆದರೆ ಅಂಗೈ, ಬೆರಳು ಜೋಡಿಸಿ ಕೆಳಗೆ ಮಾಡಿದ ಅಂಗೈ, ಹಾಗಾದರೆ ನಾನು ಕಂಡದ್ದು ನೊರೆ, ಕಣ್ಣು ಸುಳ್ಳು, ಮತ್ತೆ ಉಸಿರು, ಮತ್ತೆ ಅಂಗೈ, ಇಪ್ಪತ್ತೇಳು, ಇಪ್ಪತ್ತೆಂಟು, ಮೈ ಕೊಡುತ್ತೇನೆ ಅಂತಿದೆ, ಅವನ ಕೈ ಬೇಡ ಅಂತಿದೆ — ಮುಷ್ಟಿ ಬಂದದ್ದು ಕೊನೆಯ ಇಪ್ಪತ್ತೈದು ಮೀಟರಿಗೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು. ಸ್ಟಾಪ್‌ವಾಚ್ ಕೆಟ್ಟಿತ್ತು ಕಣೇ, ಏನ್ಮಾಡ್ಲಿ, ಟವೆಲ್ ಹೊದಿಸುತ್ತ ಅಂದ, ಎದುರು ಗೋಡೆಯಲ್ಲಿ ಆಳೆತ್ತರದ ಬೋರ್ಡಿದೆ, ಎಂಟೂ ಲೇನಿನ ಸಮಯ ಅದರಲ್ಲಿದೆ, ಆ ಹುಡುಗಿ ನನಗಿಂತ ಮುಂದಿರುವುದು ಕಾಣಲು ಗಡಿಯಾರ ಬೇಕೇ, ಆಗ ಇಷ್ಟೇ ಅಂದುಕೊಂಡೆ, ವಯಸ್ಸಾಯಿತು, ಕಣ್ಣು ಮಂದ, ಪಾಪ. ಪಾಪ ಅಂದುಕೊಂಡೆ! ಆಮೇಲೆ ಆ ಹುಡುಗಿಯೇ ಬಂದಳು, ಗೆದ್ದವಳು, ಹತ್ತೊಂಬತ್ತರ ಕೂಸು, ಕೂದಲು ಹಿಂಡುತ್ತ, ಅಕ್ಕಾ ಬೇಜಾರಾ, ಬಿಡಿ, ಸೋಮವಾರದಿಂದ ಒಟ್ಟಿಗೇ ಪ್ರಾಕ್ಟೀಸ್ ಮಾಡ್ಬೋದಲ್ಲ, ನಿಮ್ಮ ಚಿಕ್ಕಪ್ಪ ನಮ್ಮ ಕ್ಲಬ್ಬಿಗೆ ಹೆಡ್ ಕೋಚ್ ಆಗಿ ಬರ್ತಿದಾರಲ್ಲ, ನೀವೂ ಬರ್ತೀರಿ ಅಂದ್ಕೊಂಡೆ — ಅವ್ರು ಹೇಳ್ಲಿಲ್ವಾ? ಹೇಳಿದ್ರು, ಅಂದೆ ನಾನು, ಮಾನ ಮುಚ್ಚಿಕೊಳ್ಳಲು, ಯಾರ ಮಾನವೋ. ಬೆನ್ನಿಗೆ ಚೂರಿ ಹಾಕಿದ ಅನ್ನಲೂ ಆಗದು, ಎದುರಿಗೇ ನಿಂತಿದ್ದ, ಪ್ರತಿ ಉಸಿರಿಗೂ ಎದುರಿಗೇ. ಬಾಗಿಲು ತಟ್ಟುತ್ತಿದ್ದಾನೆ, ಗೊದಮೊಟ್ಟೆ, ಒಳಗಿದೀಯಾ, ಎರಡೂವರೆಗೆ ನಾನೂರು ಮೀಟರ್ ಇದೆ, ಒಂದು ಬಾಳೆಹಣ್ಣಾದ್ರೂ ತಿನ್ನು — ನಾನೂರರಲ್ಲಿ ನನಗೆ ಜಾಗ ಸಿಗುವುದಿಲ್ಲ, ಅವನಿಗೂ ಗೊತ್ತು — ಬೇರೆ ಗಡಿಯಾರ ತಗೊಂಡಿದೀನಿ ಮಗಾ, ಕೈ ನೋಡ್ಕೊಂಡು ಹೋಗು ಅಷ್ಟೇ. ಕೈ. ಕ್ಲೋರಿನ್ನಿಗೆ ಬಿಳಿಚಿ ಬಿರಿದ ಬೆರಳು, ಕೆಳಗೆ ಮಾಡಿದ ಅಂಗೈ, ಅಲುಗದೆ, ಅಂಗೈ, ಅಂಗೈ.

ಎರಡೂವರೆಗೆ ನನ್ನ ಹೆಸರನ್ನು ಮೂರು ಸಲ ಕರೆದರು. ಆಮೇಲೆ ಆರನೇ ಲೇನನ್ನು ಖಾಲಿ ಬಿಟ್ಟು ಸೀಟಿ ಊದಿದರು.