ಚೀಲದೊಳಗೆ ಬಂದ ಮುನ್ನೆಚ್ಚರಿಕೆ

ಎಲ್ಲಿಂದ ಶುರು ಮಾಡಲಿ? ಆಕಾಶದಿಂದಲೋ, ಚೀಲದಿಂದಲೋ? ಆಕಾಶದಿಂದ ಶುರು ಮಾಡಿದ ಮೂರು ಡ್ರಾಫ್ಟ್ ಹರಿದು ಹಾಕಿದ್ದೇನೆ. ಮೋಡದ ವರ್ಣನೆ ಚೆನ್ನಾಗಿಯೇ ಬಂದಿತ್ತು. ಸಿಟ್ಟು ಬಂದದ್ದೇ ಅದಕ್ಕೆ. (ಮಾಟುಂಗದ ಹೋಟೆಲಿನಲ್ಲಿ ಫ್ಯಾನ್ ಕೆಳಗೆ ಕೂತವನಿಗೆ ಮೋಡ ಚೆನ್ನಾಗಿಯೇ ಕಾಣುತ್ತದೆ.)

೧.
ಮೇ ತಿಂಗಳು, ಮಧ್ಯಾಹ್ನ ಮೂರು ಹತ್ತು. ರೇಡಾರ್ ಕೋಣೆಯಲ್ಲಿ ಪ್ರಶಾಂತ ಕೂತಿದ್ದಾನೆ. ಬಿರುಗಾಳಿ ಎತ್ತ ಹೊರಟಿದೆ ಎಂದು ಹೇಳುವುದು ಅವನ ಕೆಲಸ. ಪರದೆಯ ಮೇಲೆ ಕಲ್ಯಾಣದ ಆಚೆ ಒಂದು ಕೆಂಪು ಕಲೆ. ಹತ್ತು ನಿಮಿಷದ ನಂತರದ ಚಿತ್ರದಲ್ಲಿ ಅದು ಎಂಟು ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿದೆ. ಎರಡನ್ನೂ ಹೋಲಿಸಿ ಲೆಕ್ಕ ಹಾಕಿದ: ನಾಲ್ಕಕ್ಕೆ ಜೋಗೇಶ್ವರಿ. ಮೂರು ಇಪ್ಪತ್ತೈದಕ್ಕೆ ಆ ಭಾಗದ ಮೊಬೈಲ್‌ಗಳಿಗೆಲ್ಲ ಎಚ್ಚರಿಕೆ ಹೋಯಿತು.

"ಮೂವತ್ತೈದು ನಿಮಿಷ ಕೊಟ್ಟಿದ್ದೇನೆ ಮಾರಾಯ್ರೆ, ಅದನ್ನು ಸರಿಯಾಗಿ ಬರೀರಿ," ಎಂದು ಪ್ರಶಾಂತ ಕಥೆಯೊಳಗಿಂದಲೇ ನನ್ನನ್ನು ಗದರಿದ.

ಬರೆದಿದ್ದೇನಪ್ಪ. ನಿನ್ನ ತಪ್ಪೇನೂ ಇಲ್ಲ. ನನಗೆ ತಡೆಯಲಾಗದಿರುವುದು ಅದೇ.

೨.
ಜೋಗೇಶ್ವರಿಯಲ್ಲಿ ಏಳುತ್ತಿರುವ ಒಂದು ಬಿಲ್ಡಿಂಗ್. ಒಂಬತ್ತನೇ ಮಹಡಿಯ ಹೊರಗೆ, ಬಿದಿರಿನ ಸಾರುವೆಯ ಮೇಲೆ ನಿಂತು ಪ್ಲಾಸ್ಟರ್ ಮಾಡುತ್ತಿರುವವನು ಯಲ್ಲಾಲಿಂಗ, ಕಲಬುರಗಿ ಕಡೆಯವನು. ಕೆಳಗಿಳಿಯಲು ಎಂಟು ನಿಮಿಷ ಸಾಕು. ಅವನ ಮೊಬೈಲ್ ಎಲ್ಲಿ? ಸೈಟ್ ಆಫೀಸಿನಲ್ಲಿ, ಖಾಲಿ ಸಿಮೆಂಟ್ ಚೀಲದೊಳಗೆ. ಬೆಳಿಗ್ಗೆ ಹಾಜರಿ ಹಾಕುವಾಗಲೇ ಆಳುಗಳ ಮೇಸ್ತ್ರಿ ಮುಕಾದಮ ಎಲ್ಲರ ಫೋನನ್ನೂ ಇಸಿದುಕೊಂಡು ಅದರಲ್ಲಿ ತುಂಬುತ್ತಾನೆ. ವಾಪಸ್ ಕೊಡುವುದು ಸಂಜೆ ಆರಕ್ಕೆ.

"ಇಪ್ಪತ್ತಾರು ಫೋನ್ ಒಮ್ಮೆಗೇ ಬಡ್ಕೊಂಡ್ವು ನೋಡ್ರಿ," ಎಂದ ಮುಕಾದಮ. "ಏನೋ ಆಫರ್ ಬಂದಿರ್ಬೇಕು ಅಂತ ಚೀಲದ ಬಾಯಿ ಬಿಗದು ಕಟ್ಟಿದೆ. ಕೈಯಾಗ ಫೋನ್ ಕೊಟ್ರ ದಿನಾ ರೀಲ್ ನೋಡ್ಕೋತ ಕೂಡ್ತಾರ್ರಿ."

(ಈ ಮಾತು ನಾನೇ ಕಲ್ಪಿಸಿದ್ದು. ಆದರೂ ಅವನ ಕೆನ್ನೆಗೆ ಬಾರಿಸಬೇಕೆನಿಸುತ್ತಿದೆ. ಲೇಖಕ ತಟಸ್ಥನಾಗಿರಬೇಕಂತೆ. ಹಾಳಾಗಿ ಹೋಗಲಿ!)

೩.
ಅಂತ್ಯ ಅ: ಮುಕಾದಮ ಚೀಲ ಬಿಚ್ಚಿ ನೋಡುತ್ತಾನೆ. ಇದು ಆಗದ ಮಾತು. ನಾನು ಹುಟ್ಟಿಸಿದವನನ್ನು ನಾನು ಬಲ್ಲೆ.

ಅಂತ್ಯ ಆ: ನಾಲ್ಕಕ್ಕೆ ಸರಿಯಾಗಿ ಗಾಳಿ ನುಗ್ಗುತ್ತದೆ, ಸಾರುವೆಯ ಕಟ್ಟುಗಳು

(ಬರೆದದ್ದನ್ನು ಇಲ್ಲಿಗೇ ಹೊಡೆದು ಹಾಕಿದೆ. ಈ ವಾಕ್ಯ ಪೂರ್ತಿಯಾಗಲಿ ಎಂದು ನೀವು ಕಾಯುತ್ತಿದ್ದೀರಿ, ಗೊತ್ತು. ಸಾರಿ, ಮಾಡುವುದಿಲ್ಲ. ಯಾಕೆ ಬೇಕು ನಿಮಗೆ?)

ಅಂತ್ಯ ಇ: ಪೂರ್ವದಲ್ಲಿ ಏಳುತ್ತಿರುವ ಧೂಳನ್ನು ಯಲ್ಲಾಲಿಂಗನೇ ಕಂಡು ಇಳಿದುಬಿಡುತ್ತಾನೆ. ಗೇಟಿನ ಬಳಿ ಚಹಾ ಕುಡಿಯುತ್ತಾನೆ. ಇಷ್ಟಾದರೂ ಅಧಿಕಾರ ನನಗಿಲ್ಲವೇ?

೪.
ಮೂರನೆಯ ಅಂತ್ಯವನ್ನು ಯಲ್ಲಾಲಿಂಗನ ಹೆಂಡತಿ ಸುಂದ್ರವ್ವನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು.

"ಇಳದಾನಂತ ಬರದೀರೇನ್ರಿ?"

"ಬರೆದಿದ್ದೇನವ್ವ."

"ಚಾನೂ ಕುಡದಾನ?"

"ಕುಡಿದಿದ್ದಾನೆ."

"ಹಂಗಾದ್ರ ಮನಿಗೆ ಯಾಕ ಬಂದಿಲ್ರೀ, ಸಾಹೇಬ್ರ?"

ನಾನು ಈ ಕಥೆ ಮುಗಿಸುವುದಿಲ್ಲ. ಅವಳು ಇನ್ನೂ ನನ್ನೆದುರೇ ಕೂತಿದ್ದಾಳೆ.