ನಿರುದ್ಯೋಗಿಗಳಿಲ್ಲದ ಬೀದಿ

"ಕೆಲಸ ಇಲ್ಲ ಅನ್ನೋಕೆ ನಾಚಿಕೆ ಆಗಲ್ವೇನೇ? ಮೈ ಬಗ್ಗಿಸೋಕೆ ಆಗದ ಸೋಮಾರಿ ಮುಂಡೇವು!"

ನಿರುದ್ಯೋಗಿಗಳ ಲೆಕ್ಕ ಬರೆಯಲು ಬಂದ ಗಣತಿ ಸಾಹೇಬ ಕರವಸ್ತ್ರವನ್ನು ಮೂಗಿಗೆ ಹಿಡಿದು ಹೊಸ್ತಿಲಾಚೆಯೇ ನಿಂತಿದ್ದ. ಬಟ್ಟೆ ಹಿಂಡುತ್ತಿದ್ದ ಗೋಂದಕ್ಕ ತಲೆಯೆತ್ತಿ ನೋಡಿದಳು. ಬೀದಿಯ ಕೊನೆಯ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಡಬ್ಬಿ ಅಂಟಿಸಿದವಳು ಅವಳು. ಬೆರಳ ಗೆರೆಗಳಲ್ಲಿ ಕೂತ ಗೋಂದು ಎಷ್ಟು ತಿಕ್ಕಿದರೂ ಹೋಗದೆ ಹೆಸರಿಗೂ ಅಂಟಿಕೊಂಡಿತ್ತು. ಕಾರ್ಖಾನೆಗೆ ಬೀಗ ಬಿದ್ದು ಐದು ತಿಂಗಳು. ಅಲ್ಲೇ ಲೋಡರ್ ಆಗಿದ್ದ ಗಂಡ ಈಗ ಒಲೆಯ ಮುಂದೆ ಪಾತ್ರೆಯ ತಳ ಸೀಯಿಸುತ್ತಿದ್ದ. ಮಗಳು ಬಸ್ಸು ಬಿಟ್ಟು ಕಾಲೇಜಿಗೆ ನಡೆದೇ ಹೋಗುತ್ತಿದ್ದಳು. ಅತ್ತೆ ರಕ್ತದೊತ್ತಡದ ಮಾತ್ರೆಯನ್ನು ಎರಡು ಹೋಳು ಮಾಡಿ, ಇವತ್ತಿಗೊಂದು, ನಾಳೆಗೊಂದು ಎಂದು ನುಂಗುತ್ತಿದ್ದಳು.

"ಈ ವಾರ ಒಂದು ಗಂಟೆಯಾದ್ರೂ ಕೂಲಿಗೆ ಏನಾದ್ರೂ ಮಾಡಿದ್ಯಾ?" ಸಾಹೇಬ ಕೇಳಿದ.

"ಟೈಲರ್ ಕೈಗೆ ಪೆಟ್ಟಾಗಿತ್ತು ಅಂತ ಒಂದ್ ಮಧ್ಯಾಹ್ನ ಗುಂಡಿ ಹೊಲಿದುಕೊಟ್ಟೆ."

"ಮುಗೀತಲ್ಲ, ನಿನಗೆ ಉದ್ಯೋಗ ಇದೆ." ಕಾಗದದ ಮೇಲೆ ಗೀಟು ಬಿತ್ತು.

"ಒಂದ್ ಗಂಟೆ ಮಾಡಿದ್ರೆ ಉದ್ಯೋಗನಾ ಸ್ವಾಮಿ? ಒಂದ್ ತುತ್ತು ತಿಂದ್ರೆ ವಾರದ ಊಟ ಆದಂಗಾ?"

"ನಿಯಮ ಇರೋದೇ ಹಾಗೆ."

ಗಂಡ ಸೌಟು ಹಿಡಿದೇ ಹೊರಗೆ ಬಂದ. "ನಂಗಂತೂ ಒಂದ್ ನಿಮಿಷದ ಕೆಲಸಾನೂ ಇಲ್ಲ ಸಾರ್," ಎಂದ, ಪಂದ್ಯ ಗೆದ್ದವನ ಹಾಗೆ.

"ಹುಡುಕಿಕೊಂಡು ಹೋಗಿದ್ಯಾ?"

"ನಾಲ್ಕು ತಿಂಗಳು ಅಲೆದೆ ಸಾರ್. ಚಪ್ಪಲಿ ಸವೀತು, ಕೆಲಸ ಸಿಗಲಿಲ್ಲ. ಆಮೇಲೆ ಬಿಟ್ಟೆ."

"ಕೆಲಸ ಹುಡುಕದವನು ನಿರುದ್ಯೋಗಿ ಅಲ್ಲ. ನೀನು ಲೆಕ್ಕಕ್ಕೇ ಬರಲ್ಲ."

"ನಮ್ಮವ್ವಾನೂ ಇದನ್ನೇ ಹೇಳ್ತಾಳೆ!"

ಒಳಗಿಂದ ಅತ್ತೆ ಬಿದ್ದು ಬಿದ್ದು ನಗುವುದು ಕೇಳಿಸಿತು. ಸಾಹೇಬ ನಗಲಿಲ್ಲ. ಮುಂದಿನ ಮನೆಗೆ ಹೋದ.

ನಿರುದ್ಯೋಗಿಗಳು ಹೆಚ್ಚಿರುವ ಬೀದಿಯಲ್ಲಿ ಸರ್ಕಾರ ಕೆಲಸ ಕೊಡಿಸುವ ಕೇಂದ್ರ ತೆರೆಯುತ್ತದೆಂದು ಎಲ್ಲರೂ ಆಸೆಯಿಂದ ಕಾದಿದ್ದರು. ಸಂಜೆ ಸಾಹೇಬ ನಲ್ಲಿಯ ಹತ್ತಿರ ನಿಂತು ಫಲಿತಾಂಶ ಓದಿದ. ಕಾರ್ಖಾನೆಯಿಂದ ಹೊರಬಿದ್ದವರು ನಲವತ್ತಮೂರು. ಅವರಲ್ಲಿ ನಿರುದ್ಯೋಗಿಗಳು ಸೊನ್ನೆ. ಗೋಂದಕ್ಕ ಗುಂಡಿ ಹೊಲಿದಿದ್ದಳು, ಒಬ್ಬಳು ಯಾರದೋ ಮಗು ಆಡಿಸಿದ್ದಳು, ಒಬ್ಬ ಒಂದು ಸೈಕಲ್ಲಿಗೆ ಪಂಕ್ಚರ್ ಹಾಕಿದ್ದ, ಉಳಿದವರು ಹುಡುಕುವುದನ್ನೇ ಬಿಟ್ಟಿದ್ದರು.

"ಇಲ್ಲಿ ಕೇಂದ್ರದ ಅಗತ್ಯ ಇಲ್ಲ," ಎಂದು ಹೇಳಿ ಸಾಹೇಬ ಜೀಪು ಹತ್ತಿದ.

ಕೊಡಗಳು ತುಂಬಿ ಹರಿಯುತ್ತಿದ್ದರೂ ಯಾರೂ ನಲ್ಲಿ ತಿರುಗಿಸಲಿಲ್ಲ. "ಅವನ ಬಾಯಿಗೆ ಮಣ್ಣು ಹಾಕ!" ಎಂದು ಅತ್ತೆ ಲಟಿಕೆ ಮುರಿದಳು. ಗೋಂದಕ್ಕನಿಗೆ ಮಾತ್ರ ಇದ್ದಕ್ಕಿದ್ದಂತೆ ನಗು ಬಂತು.

"ಹುಡುಕಿದ್ರೆ ತಾನೇ ಲೆಕ್ಕಕ್ಕೆ ಬರೋದು? ನಾಳೆ ಎಲ್ಲಾರೂ ಹುಡುಕೋಣ. ಅವನ ಆಫೀಸಲ್ಲೇ!"

ಮರುದಿನ ಸೋಮವಾರ, ಹೊಸ ವಾರದ ಲೆಕ್ಕ ಶುರುವಾಗುವ ದಿನ. ಗಣತಿ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ನಲವತ್ತಮೂರು ಮಂದಿ ತಲೆ ಬಾಚಿ, ಇಸ್ತ್ರಿ ಬಟ್ಟೆ ತೊಟ್ಟು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಯಾರೂ ಕರೆಯದಿದ್ದರೂ ಅತ್ತೆಯೂ ಬಂದಿದ್ದಳು. ಒಳಗೆ ಹೋದವಳೇ ಸಾಹೇಬನ ತಿರುಗುವ ಕುರ್ಚಿಯಲ್ಲಿ ಕೂತು ಒಂದು ಸುತ್ತು ಸುತ್ತಿದಳು.

ಸಾಹೇಬ ಬಂದು ಬೆಪ್ಪಾಗಿ ನಿಂತ. "ಏನಿದು ಸಂತೆ?"

"ಕೆಲಸ ಕೇಳ್ಕೊಂಡು ಬಂದಿದೀವಿ ಸ್ವಾಮಿ," ಎಂದಳು ಗೋಂದಕ್ಕ. "ಇದ್ಯಾ?"

"ಇಲ್ಲ! ನಡೀರಿ ಆಚೆ!"

"ಹಾಗಾದ್ರೆ ಬರ್ಕೊಳ್ಳಿ. ಕೆಲಸ ಹುಡುಕಿಕೊಂಡು ಬಂದ್ರು, ಸಿಗಲಿಲ್ಲ ಅಂತ."

"ನೀನು ಗುಂಡಿ ಹೊಲಿದಿದ್ದೆ ಅಲ್ವಾ?"

"ಅದು ಹೋದ ವಾರ. ಈಗ ಟೈಲರ್ ಕೈ ವಾಸಿಯಾಗಿದೆ. ನಾನೇ ಎಣ್ಣೆ ಹಚ್ಚಿದ್ದೆ, ತಪ್ಪು ನಂದೇ."

ಗುಮಾಸ್ತರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬನ ಕಿವಿ ಕೆಂಪಾಯಿತು. "ಪೊಲೀಸರನ್ನ ಕರೀತೀನಿ!"

"ಕರಿಯೋ ಬಡ್ಡಿಮಗನೇ!" ಕುರ್ಚಿಯಿಂದ ಅತ್ತೆ ಕೂಗಿದಳು. "ಅವರ ಹತ್ರಾನೂ ಕೆಲಸ ಕೇಳ್ತೀವಿ. ಎರಡು ಕಡೆ ಹುಡುಕಿದಂಗಾಗ್ತದೆ!"

ಈಗ ಇಡೀ ಕಚೇರಿಯೇ ನಕ್ಕಿತು. ಮೂಲೆಯ ಗುಮಾಸ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಹೊಸ ನಮೂನೆಗಳ ಕಟ್ಟು ತಂದು ಮೇಜಿನ ಮೇಲಿಟ್ಟಳು. "ಸರ್, ಇಲ್ಲೇ ಬಂದು ಕೇಳಿದಾರೆ. ಬರೀಲೇಬೇಕು. ನಿಯಮ ಇರೋದೇ ಹಾಗೆ."

ಕುರ್ಚಿ ಖಾಲಿಯಿರಲಿಲ್ಲ. ಸಾಹೇಬ ನಿಂತುಕೊಂಡೇ, ಮೇಜಿನ ಮೇಲೆ ಮೈ ಬಗ್ಗಿಸಿ ಬರೆಯತೊಡಗಿದ. ಒಬ್ಬೊಬ್ಬರೂ ಮುಂದೆ ಬಂದು, "ಕೆಲಸ ಇದ್ಯಾ ಸಾರ್?" ಎಂದು ಕೇಳುವುದು, ಅವನು "ಇಲ್ಲ" ಎಂದು ಗೊಣಗಿ ಗೀಚುವುದು. ಗಂಡ ತನ್ನ ಸರದಿಯಲ್ಲಿ ಎದೆಯುಬ್ಬಿಸಿ ನಿಂತ. "ದಪ್ಪಗೆ ಬರೀರಿ ಸಾರ್, ನಾನೂ ಲೆಕ್ಕಕ್ಕೆ ಬಂದೆ ಅಂತ ನಮ್ಮವ್ವಂಗೆ ತೋರಿಸ್ಬೇಕು."

ನಲವತ್ತಮೂರನೆಯ ಹೆಸರು ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಗೋಂದಕ್ಕ ಹಾಳೆಗಳನ್ನು ಒಂದೊಂದಾಗಿ ಎಣಿಸಿ ಸಹಿ ಹಾಕಿಸಿದಳು. ಅವಳ ಮುಖ ಅರಳಿತ್ತು.

ಸಾಹೇಬ ಸೊಂಟ ಹಿಡಿದು ನೆಟ್ಟಗಾದ. "ಜಾಸ್ತಿ ಹಾರಾಡಬೇಡಿ. ಕೇಂದ್ರ ಕೊಡೋದು ಬಿಡೋದು ಮೇಲಿನವರಿಗೆ ಬಿಟ್ಟಿದ್ದು. ಈ ಲೆಕ್ಕ ಒಂದು ವಾರಕ್ಕೆ ಮಾತ್ರ."

"ಹೌದಾ?" ಗೋಂದಕ್ಕ ಹಿಂದೆ ತಿರುಗಿ ತನ್ನವರ ಮುಖ ನೋಡಿದಳು. ಆಮೇಲೆ ಸಾಹೇಬನ ಕಡೆ ಬಾಗಿ ಮೆತ್ತಗೆ ಕೇಳಿದಳು: "ಮುಂದಿನ ವಾರ ಪಕ್ಕದ ಬೀದಿಯವರೂ ಬರ್ತಾರೆ. ಎಷ್ಟು ಗಂಟೆಗೆ ಬರೋಣ ಸ್ವಾಮಿ?"