ಸೀತಮ್ಮನ ಫೋಟೋ ಹಿಂದೆ

"ಹೆಸರು ಹಾಕ್ಕೊಂಡಿದ್ದು ಸಾಲ್ದು ಅಂತ ಅಡ್ರೆಸ್ ಬೇರೆ ಹಾಕಿದೀಯಲ್ಲೇ! ಎ.ಕೆ. ಕಾಲೋನಿ ಅಂತೆ! ಯಾವನೇ ತಿಂತಾನೆ ಇದನ್ನ?"

ಅನಂತಪದ್ಮನಾಭ ಚಕ್ಕುಲಿಯ ಪ್ಯಾಕೆಟ್ಟನ್ನು ಎರಡೇ ಬೆರಳಲ್ಲಿ ತಳ್ಳಿದ. ಅದು ಗಲ್ಲಾದ ಮೇಲಿಂದ ಮಧುಮತಿಯ ಕಾಲ ಬುಡಕ್ಕೆ ಬಿತ್ತು.

"ಲೈಸೆನ್ಸ್ ತಗೊಂಡ್ಮೇಲೆ ಎಲ್ಲಿ ಮಾಡಿದ್ದು ಅಂತ ಹಾಕ್ಲೇಬೇಕಂತೆ ಸಾರ್. ಕಾನೂನು."

"ಕಾನೂನು ಬಂದು ಚಕ್ಲಿ ಕೊಂಡ್ಕೊಳ್ಳುತ್ತಾ?"

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಮಧುಮತಿ ಬಗ್ಗಿ ಪ್ಯಾಕೆಟ್ ಎತ್ತಿಕೊಂಡಳು. ಒಳಗೆ ಎಲ್ಲಾ ಪುಡಿಯಾಗಿತ್ತು.

ಹದಿನಾಲ್ಕು ವರ್ಷ ಅವಳು ಇದೇ ಅಂಗಡಿಗೆ ಚಕ್ಕುಲಿ ಕರಿದಿದ್ದಳು. ಅವಳು ಸಡಿಲವಾಗಿ ತಂದು ಸುರಿಯಬೇಕು, ಅನಂತಪದ್ಮನಾಭ ಅದಕ್ಕೆ 'ಸೀತಮ್ಮನವರ ಮಡಿ ತಿಂಡಿ' ಎಂಬ ಸ್ಟಿಕ್ಕರ್ ಅಂಟಿಸಬೇಕು. ಸ್ಟಿಕ್ಕರಿನಲ್ಲಿ ಅವನ ತಾಯಿಯ ಫೋಟೋ. ಆ ಮಹಾತಾಯಿ ತೀರಿಕೊಂಡು ಒಂಬತ್ತು ವರ್ಷವಾದರೂ ಜಯನಗರದ ಮಂದಿಗೆ ದಿನಾ ಚಕ್ಕುಲಿ ಕರಿಯುತ್ತಲೇ ಇದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಸುಟ್ಟುಕೊಂಡಿದ್ದು ಮಧುಮತಿ, ಮೊಸರು ಕಂಡವರ ಬಾಯಿಗೆ.

ಈ ಸಲದ ಕೃಷ್ಣಾಷ್ಟಮಿಗಾದರೂ ತನ್ನ ಹೆಸರಲ್ಲೇ ಮಾರಬೇಕೆಂದು ಅವಳು ಹೆಸರು, ವಿಳಾಸ, ಫೋನ್ ನಂಬರು ಇರುವ ಎರಡು ಸಾವಿರದ ಚಿಲ್ಲರೆ ಲೇಬಲ್ ಅಚ್ಚು ಹಾಕಿಸಿದ್ದಳು. ಮೂರು ತಿಂಗಳು ಶ್ರೀನಗರ, ಬನಶಂಕರಿ, ಜಯನಗರದ ಕಾಂಡಿಮೆಂಟ್ಸ್ ಅಂಗಡಿಗಳ ಮೆಟ್ಟಿಲು ಸವೆಸಿದಳು. ಅರವತ್ತು ಅಂಗಡಿಗೂ ಒಂದೇ ಸಂಘ, ಸಂಘಕ್ಕೆ ಒಂದು ವಾಟ್ಸಾಪ್ ಗ್ರೂಪು, ಗ್ರೂಪಿಗೆ ಅನಂತಪದ್ಮನಾಭ ಅಧ್ಯಕ್ಷ. ಯಾರ ಸರಕು ಯಾರ ಶೆಲ್ಫಿಗೆ ಎನ್ನುವುದು ಅಲ್ಲೇ ತೀರ್ಮಾನ. ಒಬ್ಬ ಅಂಗಡಿಯವನಂತೂ ಇಡೀ ಚಕ್ಕುಲಿ ಚಪ್ಪರಿಸಿ ತಿಂದು, ಆಮೇಲೆ ಲೇಬಲ್ಲಿನಲ್ಲಿ ದಲಿತರ ಕೇರಿಯ ವಿಳಾಸ ಓದಿ ಬೆರಳು ಒರೆಸಿಕೊಂಡಿದ್ದ.

ಅಂಗಡಿಯಿಂದ ನೇರ ಹಿಟ್ಟಿನ ಗಿರಣಿಗೆ ಹೋದಳು. ಅಕ್ಕಿ ಚೀಲ ಬೆಳಗ್ಗೆ ಇಟ್ಟಲ್ಲೇ ಇತ್ತು.

"ಬೆಲ್ಟ್ ಕಿತ್ತೋಗಿದೆ ಕಣಕ್ಕ," ಎಂದ ಗಿರಣಿಯ ಸೋಮಲಿಂಗಪ್ಪ. ಅವನ ಬೆನ್ನ ಹಿಂದೆ ಗಿರಣಿ ಗಡಗಡ ತಿರುಗುತ್ತಿತ್ತು.

"ಸೋಮಣ್ಣ, ನನ್ ಮುಖ ನೋಡಿ ಹೇಳು."

ಅವನು ನೋಡಲಿಲ್ಲ. "ಗ್ರೂಪಲ್ಲಿ ಮೆಸೇಜ್ ಬಂದೈತೆ. ನಂದೂ ಹೊಟ್ಟೆಪಾಡು."

ಅಷ್ಟಮಿಗೆ ಹತ್ತೇ ದಿನ. ಈ ಸೀಸನ್ ತಪ್ಪಿದರೆ ಒಲೆ ವರ್ಷವೆಲ್ಲ ತಣ್ಣಗೆ. ಜೊತೆಗೆ ಕರಿಯುವ ಆರು ಹೆಂಗಸರಲ್ಲಿ ಶಾಂತಾದೇವಿ ಆಗಲೇ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಕಕ್ಕಸು ತೊಳೆಯುವ ಕೆಲಸಕ್ಕೆ ಮತ್ತೆ ಬರುತ್ತೇನೆಂದು ಹೇಳಿ ಬಂದಿದ್ದಳು. ಮಾರನೆಯ ದಿನ ಮಧುಮತಿ ಹೋಗಿ ಅನಂತಪದ್ಮನಾಭನ ಮುಂದೆ ಕೈಮುಗಿದು ನಿಂತಳು.

"ತಪ್ಪಾಯ್ತು ಸಾರ್."

"ಬಂತಾ ಬುದ್ಧಿ?" ಅವನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ. "ಸಂಘದ ಅಷ್ಟೂ ಅಂಗಡಿಗೆ ಎರಡು ಸಾವಿರ ಪ್ಯಾಕೆಟ್ ಬೇಕು. ನಮ್ ಹುಡುಗ್ರಿಗೆ ಪುರುಸೊತ್ತಿಲ್ಲ, ಪ್ಯಾಕ್ ಮಾಡಿ ಸ್ಟಿಕ್ಕರೂ ನೀನೇ ಅಂಟಿಸ್ಬಿಡು. ಕೃಷ್ಣನ ನೈವೇದ್ಯಕ್ಕೆ ಹೋಗೋದು. ಸ್ನಾನಗೀನ ಮಾಡ್ಕೊಂಡು ಕರೀರಮ್ಮ."

ಸಂಜೆಯೊಳಗೆ ಗಿರಣಿಯ ಬೆಲ್ಟೂ ಸರಿಹೋಯಿತು.

ಆರು ದಿನ ಒಲೆ ಆರಲಿಲ್ಲ. ಗಂಡ ದೇವದಾಸ್ ಚಕ್ಕುಲಿ ಒರಳು ಒತ್ತೀ ಒತ್ತೀ ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡ. "ಆ ಬೋಳಿಮಗನ್ ತಾಯಿ ಫೋಟೋಗೆ ನಾವು ಬೆವರು ಸುರಿಸ್ಬೇಕು, ಥೂ!" ಎಂದು ಉಗಿದ.

ಪ್ಯಾಕ್ ಮಾಡುವ ದಿನ ಮಧುಮತಿ ಮೂಲೆಯ ರಟ್ಟಿನ ಪೆಟ್ಟಿಗೆಯನ್ನು ಎಳೆದಳು. ಎರಡು ಸಾವಿರ ಲೇಬಲ್. ಒಂದನ್ನು ತೆಗೆದು ಖಾಲಿ ಪ್ಯಾಕೆಟ್ಟಿನೊಳಕ್ಕೆ ಇಳಿಬಿಟ್ಟಳು, ಅಕ್ಷರ ಒಳಮುಖವಾಗಿ. ಚಕ್ಕುಲಿ ತುಂಬಿ, ಬಾಯಿ ಅಂಟಿಸಿ, ಸರಿಯಾಗಿ ಅದೇ ಜಾಗದ ಹೊರಗಡೆ ಸೀತಮ್ಮನನ್ನು ಅಂಟಿಸಿದಳು. ತಿಂದು ಮುಗಿಸುವತನಕ ಯಾರಿಗೂ ಕಾಣುವಂತಿರಲಿಲ್ಲ.

ದೇವದಾಸನ ಕೈ ನಿಂತಿತು. "ಗೊತ್ತಾದ್ರೆ ಇನ್ಮೇಲೆ ಒಬ್ನೂ ನಮ್ ಸರಕು ತಗೊಳಲ್ಲ ಕಣೇ. ಒಲೆಗೆ ನೀರೇ."

"ಈಗ್ ಮಾತ್ರ ನಮ್ದು ಅಂತ ತಗೊತಾವ್ರಾ?"

ಶಾಂತಾದೇವಿ ಒಂದು ಕಟ್ಟು ಲೇಬಲ್ ಎತ್ತಿಕೊಂಡು ಪಕ್ಕ ಕೂತಳು. ಮಿಕ್ಕ ಐವರೂ ಕೂತರು.

ಟೆಂಪೋ ಬೆಳಗ್ಗೆ ಹೊರಟಿತು. ಮಧುಮತಿ ಮೂರು ತಿಂಗಳು ತಿರುಗಿದರೂ ದಕ್ಕದ ಅರವತ್ತು ಅಂಗಡಿಗಳ ಶೆಲ್ಫಿಗೆ ಅವಳ ಹೆಸರನ್ನು ಸಂಘವೇ ಮಧ್ಯಾಹ್ನದೊಳಗೆ ಮುಟ್ಟಿಸಿತು.

ಅಷ್ಟಮಿಯ ರಾತ್ರಿ ಪೂಜೆ ಮುಗಿಯುವ ಹೊತ್ತಿಗೆ ಅನಂತಪದ್ಮನಾಭನ ಏಳು ಕರೆ ಬಂದಿದ್ದವು. ಅವಳು ಎತ್ತಿರಲಿಲ್ಲ. ಎಣ್ಣೆ ಬಸಿದ ಬಾಣಲೆ ಬೋರಲು ಬಿದ್ದಿತ್ತು. ಇನ್ನು ಅದನ್ನು ಒಲೆಗೆ ಏರಿಸುವುದು ಯಾವಾಗಲೋ ಅವಳಿಗೂ ತಿಳಿಯದು. ಎಂಟನೆಯದು ಗೊತ್ತಿಲ್ಲದ ನಂಬರು. ಎತ್ತಿದಳು.

"ಈ ಚೀಟಿಲಿರೋ ಮಧುಮತಿ ನೀನೇನಾ?" ವಯಸ್ಸಾದ ಹೆಂಗಸಿನ ದನಿ. "ನೈವೇದ್ಯ ಆಗ್ಹೋಯ್ತಲ್ಲಮ್ಮ! ಮನೇಲೆಲ್ಲ ತಿಂದೂ ಆಯ್ತು. ಈಗೇನ್ ಮಾಡೋದು ನಾವು?"

ಮಧುಮತಿ ಸುಟ್ಟ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ದೇವ್ರಿಗೆ ಉಪ್ಪು ಖಾರ ಸರಿಯಾಗಿತ್ತಾ ಕೇಳಿ ಹೇಳಿ ಅಮ್ಮ. ನಾನು ಲೈನಲ್ಲೇ ಇರ್ತೀನಿ."